ಸದನದಲ್ಲಿ ಎತ್ತಿದ ಕನ್ನಡದ ವಿಷಯ: ಕುಟುಂಬದ ಗುಂಪಿನಲ್ಲಿ ಚರ್ಚೆ

ಬಾಯಾರು ತಮ್ಮ: (ಫಾರ್ವರ್ಡ್ ಮಾಡಿದ ವಿಡಿಯೋ) ಕಾಸರಗೋಡಿನ ಕನ್ನಡಿಗರ ಬಗ್ಗೆ ನಮ್ಮ ಶಾಸಕರು ಕೇರಳ ವಿಧಾನಸಭೆಯಲ್ಲಿ ಮಾತಾಡಿದ್ದು ನೋಡಿ. ಕಚೇರಿ ಫಾರ್ಮು ಮಲಯಾಳದಲ್ಲಿ ಮಾತ್ರ, ಕನ್ನಡದಲ್ಲಿ ಅರ್ಜಿ ಕೊಟ್ಟರೂ ಉತ್ತರ ಮಲಯಾಳದಲ್ಲಿ, ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು. ಮೂರೂ ಹೇಳಿದ್ದಾರೆ. ಎಲ್ಲರೂ ಶೇರ್ ಮಾಡಿ 🙏

ಪೆರ್ಲ ಭಾವ: ಶೇರ್ ಮಾಡುವ ಮೊದಲು ಸಚಿವರ ಉತ್ತರ ಪೂರ್ತಿ ಕೇಳು ತಮ್ಮ. "ಪರಿಶೀಲಿಸಲಾಗುವುದು", ಅಷ್ಟೇ. ಮೂರು ವಿಷಯ ಒಂದೇ ಸಬ್‌ಮಿಷನ್ನಿನಲ್ಲಿ ತುಂಬಿಸಿದರೆ ಬೇರೆ ಉತ್ತರ ಬರುವುದೇ ಇಲ್ಲ.

ಬಾಯಾರು ತಮ್ಮ: ಮಾತಾಡಿದ್ದೇ ತಪ್ಪಾ ಭಾವ? 140 ಜನರ ಸಭೆಯಲ್ಲಿ ನಮ್ಮ ವಿಷಯ ಬರುವುದೇ ಅಪರೂಪ.

ಪೆರ್ಲ ಭಾವ: ತಪ್ಪು ಅಂತ ಹೇಳ್ಲಿಲ್ಲ. ದಾರಿ ತಪ್ಪಿದೆ ಅಂತ ಹೇಳಿದ್ದು. ಸಬ್‌ಮಿಷನ್ ಅಂದರೆ ಸಭಾ ನಿಯಮ 304. ವಿಷಯ ಚುಟುಕಾಗಿ ಮಂಡಿಸುವುದು, ಸಚಿವರು ಹೇಳಿಕೆ ಕೊಡುವುದು, ಅಲ್ಲಿಗೆ ಮುಗಿಯಿತು. ಸಂಖ್ಯೆ ಹೊರಗೆ ಬರಬೇಕಾದರೆ ಪ್ರಶ್ನೆಯೇ ಕೇಳಬೇಕು. ನಕ್ಷತ್ರ ಹಾಕಿದ ಪ್ರಶ್ನೆಗೆ ಸಚಿವರು ಎದ್ದು ನಿಂತು ಹೇಳಬೇಕು, ಉಪಪ್ರಶ್ನೆಯೂ ಕೇಳಬಹುದು. ಆದರೆ ಪ್ರಶ್ನೋತ್ತರಕ್ಕೆ ಇರುವುದು ಒಂದೇ ಗಂಟೆ, ಸರದಿ ಬಾರದಿದ್ದರೆ ಅದಕ್ಕೂ ಲಿಖಿತ ಉತ್ತರವೇ. ನಮಗೆ ಬೇಕಾದದ್ದು ಲೆಕ್ಕ, ಹಾಗಾಗಿ ನಕ್ಷತ್ರ ಇಲ್ಲದ್ದೇ ಸಾಕು. ಲಿಖಿತ ಉತ್ತರ ದಾಖಲೆಯಾಗಿ ಉಳಿಯುತ್ತದೆ.

ಕುಂಬ್ಳೆ ಮಾವ: ಭಾವ ಹೇಳಿದ್ದು ಅರ್ಧ ಸರಿ. "ಪರಿಶೀಲಿಸ್ತೇವೆ" ಅಂದದ್ದನ್ನು ಪೂರಾ ಬಿಟ್ಟುಬಿಡ್ಲಿಕ್ಕಾಗದು. ಸದನದಲ್ಲಿ ಸಚಿವರು ಕೊಟ್ಟ ಭರವಸೆ ಈಡೇರಿದೆಯಾ ಅಂತ ನೋಡ್ಲಿಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಉಂಟು. ಶಾಸಕರು ಅಲ್ಲಿ ಬೆನ್ನು ಹಿಡಿಯಬೇಕು.
ನನ್ನ ತಕರಾರು ಬೇರೆ. ಈ ಮೂರು ದೂರು ಒಂದೇ ಜಾತಿಯದ್ದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಸೆಕ್ಷನ್ 3 ಎಂತ ಹೇಳ್ತದೆ? ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದಲ್ಲಿನ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅಂದರೆ ಕನ್ನಡದ ಅರ್ಜಿಗೆ ಮಲಯಾಳದ ಉತ್ತರ ಬಂದರೆ ಅದು ಕಾನೂನು ಮುರಿದದ್ದು. ಫಾರ್ಮಿನ ವಿಷಯ ಹಾಗಲ್ಲ. ಆ ಸೆಕ್ಷನ್ ಪತ್ರವ್ಯವಹಾರದ ಬಗ್ಗೆ ಹೇಳ್ತದೆ, ಫಾರ್ಮಿನ ಬಗ್ಗೆ ಅಲ್ಲ. ಫಾರ್ಮು ಸರ್ಕಾರದ ನೀತಿಯ ಪ್ರಶ್ನೆ. ಎರಡನ್ನೂ ಒಟ್ಟಿಗೆ ಹೇಳಿದರೆ ಸಚಿವರು ನೀತಿಯ ತುದಿ ಹಿಡಿದು ಉತ್ತರ ಕೊಡ್ತಾರೆ, ಕಾನೂನು ಮುರಿದದ್ದು ಅಡಿಗೆ ಬೀಳ್ತದೆ.

ನೀರ್ಚಾಲು ಅಕ್ಕ: ಮಾವ, ಸೆಕ್ಷನ್ ಎಲ್ಲ ಸರಿ. ಈಗ ಪೆನ್ಷನ್ ಮಸ್ಟರಿಂಗ್ ತೆಕ್ಕೊಳ್ಳಿ, ಪೆನ್ಷನ್‌ದಾರರು ಬದುಕಿದ್ದಾರೆ ಅಂತ ದೃಢಪಡಿಸುವುದು. ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಒತ್ತಬೇಕು, 30 ರೂಪಾಯಿ. ಹಾಸಿಗೆ ಹಿಡಿದವರಿಗೆ ಮನೆಗೆ ಬಂದು ಮಾಡಿದರೆ 50. ಕೊನೇ ದಿನಾಂಕದ ನೋಟೀಸು ಮಲಯಾಳದಲ್ಲಿ ಮಾತ್ರ ಅಂಟಿಸಿದರೆ ಕನ್ನಡ ಮಾತ್ರ ಓದುವ ಅಜ್ಜಿಗೆ ಹೇಗೆ ಗೊತ್ತಾಗುವುದು? ದಿನ ದಾಟಿದರೆ ಪೆನ್ಷನ್ ನಿಂತು ಹೋಗ್ತದೆ. ಅವರು ಲಿಖಿತ ಉತ್ತರ ಬರುವ ತನಕ ಕಾಯಬೇಕಾ?

ಪೆರ್ಲ ಭಾವ: ಅಕ್ಕ, ಅದಕ್ಕೆ ತಿರುವನಂತಪುರಕ್ಕೆ ಹೋಗುವುದೇ ಬೇಡ. ಪಂಚಾಯತ್ ನೋಟೀಸನ್ನು ಎರಡು ಭಾಷೆಯಲ್ಲಿ ಹಾಕಬೇಕು ಅಂತ ಆಡಳಿತ ಸಮಿತಿ ನಿರ್ಣಯ ಮಾಡಿದರೆ ಆಯ್ತು. ವಾರ್ಡ್ ಮೆಂಬರಿನ ಕೈಯಲ್ಲಿ ವಿಷಯ ಕೊಡಿ.

ನೀರ್ಚಾಲು ಅಕ್ಕ: ನಿರ್ಣಯ ಮಾಡಿದರೂ ಬರೆಯುವವರು ಬೇಕಲ್ಲ. ಕನ್ನಡ ಬಲ್ಲ ಗುಮಾಸ್ತರು ವರ್ಗಾವಣೆಯಾಗಿ ಹೋದರೆ, ಆ ಜಾಗಕ್ಕೆ ಬಂದವರಿಗೆ ಅಕ್ಷರವೇ ಗೊತ್ತಿಲ್ಲದಿದ್ದರೆ ನಿರ್ಣಯ ಪುಸ್ತಕದಲ್ಲೇ ಉಳಿತದೆ. ಶಾಸಕರು ಕೇಳಬೇಕಾದ್ದು ಇದನ್ನೇ. ಯಾವ ಕಚೇರಿಯಲ್ಲಿ ಕನ್ನಡ ಓದಿ ಬರೆಯುವವರು ಎಷ್ಟು ಜನ ಇದ್ದಾರೆ ಅಂತ.

ಕುಂಬ್ಳೆ ಮಾವ: ಈ ಮಾತು ಸರಿ. ಉತ್ತರ ಮಲಯಾಳದಲ್ಲಿ ಬರುವ ಕಾರಣವೂ ಇದೇ.

ಬಾಯಾರು ತಮ್ಮ: ಶಾಸಕರು ಕನ್ನಡದಲ್ಲೇ ಮಾತಾಡಬೇಕಿತ್ತು. 2021ರಲ್ಲಿ ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ತೆಕ್ಕೊಂಡದ್ದು ನಮಗೆಲ್ಲ ಎಷ್ಟು ಹೆಮ್ಮೆ ಆಗಿತ್ತು!

ಕುಂಬ್ಳೆ ಮಾವ: ಪ್ರಮಾಣವಚನ ಕನ್ನಡದಲ್ಲಿ ಇರಲಿ, ಅದು ನಾವು ಇಲ್ಲಿದ್ದೇವೆ ಅಂತ ಹೇಳುವ ಕ್ರಮ. ಸೇವೆಯ ದೂರು ಮಲಯಾಳದಲ್ಲೇ ಹೇಳಲಿ. ಸಂವಿಧಾನದ 210ನೇ ವಿಧಿಯಲ್ಲಿ ಮಾತೃಭಾಷೆಗೆ ಸಭಾಧ್ಯಕ್ಷರ ಅನುಮತಿ ಕೇಳುವ ದಾರಿ ಉಂಟು, ಆದರೆ ಅದು ಬೇರೆ ಭಾಷೆ ಸರಿಯಾಗಿ ಬಾರದವರಿಗೆ. ಉತ್ತರ ಕೊಡಬೇಕಾದವರಿಗೆ ಅಲ್ಲೇ, ಆಗಲೇ ಅರ್ಥವಾಗಬೇಕು.

ಬಾಯಾರು ತಮ್ಮ: ಇದನ್ನು ನಾನು ಒಪ್ಪುವುದಿಲ್ಲ ಮಾವ. ಇರಲಿ. ಅಧ್ಯಾಪಕರ ವಿಷಯ?

ಪೆರ್ಲ ಭಾವ: ಅದರಲ್ಲಿ ಕೊಂಡಿ ತುಂಬ ಉಂಟು, ಎಲ್ಲಿ ತುಂಡಾಗಿದೆ ಅಂತ ಹೇಳದೆ ಬೈದರೆ ಪ್ರಯೋಜನ ಇಲ್ಲ. ಆರನೇ ಅಧ್ಯಯನ ದಿನದ ಮಕ್ಕಳ ಲೆಕ್ಕದ ಮೇಲೆ ಹುದ್ದೆ ನಿಗದಿ. ಖಾಲಿ ಹುದ್ದೆ ಡಿಡಿಇ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ) ಕಚೇರಿಯಿಂದ ಪಿಎಸ್‌ಸಿಗೆ (ಲೋಕಸೇವಾ ಆಯೋಗಕ್ಕೆ) ವರದಿಯಾಗಬೇಕು. ಪಿಎಸ್‌ಸಿಯಲ್ಲಿ ಕನ್ನಡ ಮಾಧ್ಯಮ ಬೇರೆಯೇ ವರ್ಗ. ರ‍್ಯಾಂಕ್ ಪಟ್ಟಿ ಬರುವವರೆಗೆ ದಿನವೇತನದವರು. ಇದರಲ್ಲಿ ವರದಿ ತಡವಾಯಿತಾ, ಪಟ್ಟಿಯ ಅವಧಿ ಮುಗಿಯಿತಾ, ಅಭ್ಯರ್ಥಿಯ ಕನ್ನಡವನ್ನು ಪರೀಕ್ಷಿಸಿದ ಕ್ರಮವೇ ಸಡಿಲವಾ? ಮಕ್ಕಳು ಗಣಿತ, ಸಮಾಜ ಅರ್ಥವಾಗದೆ ಕೂತುಕೊಳ್ಳುವುದು ಈ ಮೂರರಲ್ಲಿ ಒಂದರಿಂದ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಲು ಹೇಳ್ತದೆ. ಹೈಸ್ಕೂಲಿನ ದೂರಿಗೆ ಅದನ್ನು ಹಿಡಿದರೆ ನಿಲ್ಲುವುದಿಲ್ಲ, ಅಲ್ಲಿ ಹುದ್ದೆಯ ಅರ್ಹತೆಯನ್ನೇ ಹಿಡಿಯಬೇಕು.

ನೀರ್ಚಾಲು ಅಕ್ಕ: ಹಾಗಾದರೆ ಶಾಸಕರ ಕೈಗೆ ಎಂತ ಕೊಡಬೇಕು? ಅವರೊಬ್ಬರೇ ಎಲ್ಲ ಕಚೇರಿ ಸುತ್ತಲು ಸಾಧ್ಯ ಇಲ್ಲ.

ಕುಂಬ್ಳೆ ಮಾವ: ಕಾಗದ. ಮೊದಲು ಅರ್ಜಿ ಕನ್ನಡದಲ್ಲಿ, ಎರಡು ಪ್ರತಿ. ತಲೆಬರಹದ ಕೆಳಗೆಯೇ "1969ರ ಕಾಯ್ದೆಯ ಸೆಕ್ಷನ್ 3ರಂತೆ ಕನ್ನಡದಲ್ಲೇ ಉತ್ತರ ಕೊಡಬೇಕು" ಅಂತ ಒಂದು ಸಾಲು. ಒಂದು ಪ್ರತಿಗೆ ಕಚೇರಿಯ ಮೊಹರು, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಬಾಯಿ ಮಾತಲ್ಲಿ ಕೇಳಿ ಬಂದದ್ದಕ್ಕೆ ದಾಖಲೆ ಇಲ್ಲ. ಉತ್ತರ ಮಲಯಾಳದಲ್ಲಿ ಬಂದರೆ ಲಕೋಟೆ ಸಮೇತ ಇಡಿ. ಇಂಥ 15-20 ಜೋಡಿ ಕಾಗದ ಸೇರಿದರೆ ಸಾಕು.
ಒಟ್ಟಿಗೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್. ಇದನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ. ಆ ಕಾಯ್ದೆ ಇಂಗ್ಲಿಷ್, ಹಿಂದಿ ಅಥವಾ ಪ್ರದೇಶದ ಅಧಿಕೃತ ಭಾಷೆ ಅಂತ ಹೇಳ್ತದೆ, ಕನ್ನಡ ಅದರಲ್ಲಿ ಬರ್ತದಾ ಅಂತ ವಾದ ಎದ್ದರೆ ತಿಂಗಳು ಹೋಗ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ.

ಪೆರ್ಲ ಭಾವ: ತಿಂಗಳ ಮೊದಲ ಶನಿವಾರದ ತಾಲೂಕು ಅಭಿವೃದ್ಧಿ ಸಮಿತಿಯನ್ನು ಮರೆಯಬೇಡಿ. ತಹಶೀಲ್ದಾರರೂ ಇಲಾಖೆಯವರೂ ಅಲ್ಲೇ ಇರ್ತಾರೆ. ನೋಟೀಸಿನಂಥ ವಿಷಯ ಅಲ್ಲೇ ತೀರಿಸಿ, ಸದನಕ್ಕೆ ದೊಡ್ಡದನ್ನು ಮಾತ್ರ ಉಳಿಸಿ.

ನೀರ್ಚಾಲು ಅಕ್ಕ: ಕಾಯ್ದೆ ಕಚೇರಿಯ ಮೇಲೆ ಹಾಕಿದ ಕೆಲಸವನ್ನು ಜನ ಯಾಕೆ ದುಡಿದು ಸಾಬೀತು ಮಾಡಬೇಕು ಅಂತ ನನಗೆ ಈಗಲೂ ಬೇಸರ ಉಂಟು. ಆದರೂ ಕಾಗದ ಸೇರಿಸುವ.

ಪೆರ್ಲ ಭಾವ: ಪ್ರಶ್ನೆಯ ಕರಡು ಹಾಕ್ತೇನೆ:
(ಎ) ಕಳೆದ ಒಂದು ವರ್ಷದಲ್ಲಿ ಮಂಜೇಶ್ವರ, ಕಾಸರಗೋಡು ತಾಲೂಕು ಕಚೇರಿಗಳಿಗೆ ಕನ್ನಡದಲ್ಲಿ ಬಂದ ಅರ್ಜಿ ಎಷ್ಟು? ಕನ್ನಡದಲ್ಲಿ ಉತ್ತರಿಸಿದ್ದು ಎಷ್ಟು?
(ಬಿ) ಈ ಎರಡು ಕಚೇರಿಗಳಲ್ಲಿ ಕನ್ನಡ ಓದಿ ಬರೆಯಬಲ್ಲ ಸಿಬ್ಬಂದಿ ಎಷ್ಟು?
(ಸಿ) ಜಿಲ್ಲೆಯಲ್ಲಿ ಖಾಲಿ ಇರುವ ಕನ್ನಡ ಮಾಧ್ಯಮ ಅಧ್ಯಾಪಕ ಹುದ್ದೆಗಳನ್ನು ಪಿಎಸ್‌ಸಿಗೆ ವರದಿ ಮಾಡಿದ ದಿನಾಂಕ, ಶಾಲಾವಾರು?

ಕುಂಬ್ಳೆ ಮಾವ: (ಸಿ) ತೆಗೆದು ಬೇರೆ ಪ್ರಶ್ನೆ ಮಾಡಿ. ಅದು ಶಿಕ್ಷಣ ಇಲಾಖೆ, ಇದು ಕಂದಾಯ. ಒಟ್ಟಿಗೆ ಇಟ್ಟರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ಒಂದೇ ಸಾಲು ಬರ್ತದೆ.

ಬಾಯಾರು ತಮ್ಮ: (ಬಿ)ಯಲ್ಲಿ "ವರ್ಗಾವಣೆಯಾದವರ ಜಾಗಕ್ಕೆ ಕನ್ನಡ ಬಲ್ಲವರನ್ನು ಎಷ್ಟು ದಿನದಲ್ಲಿ ನೇಮಿಸಲಾಗುವುದು" ಅಂತಲೂ ಸೇರಿಸಿ ಭಾವ. ಟೈಪ್ ಮಾಡಿ ನಾಳೆ ಶಾಸಕರ ಕಚೇರಿಗೆ ನಾನೇ ಕೊಟ್ಟು ಬರ್ತೇನೆ. ಮಲಯಾಳದ ಪ್ರತಿಯೂ ಒಂದು ಬೇಕಲ್ಲ, ಮಾವ?

ಕುಂಬ್ಳೆ ಮಾವ: ರಾತ್ರಿಯೊಳಗೆ ಕಳಿಸ್ತೇನೆ.