ಶಿರಸಿಯಲ್ಲಿ ತಾಳಮದ್ದಳೆ ವಿಮರ್ಶೆ: ಮುಲಾಜಿಲ್ಲದೆ ಎಲ್ಲರೂ ಮಾತಾಡುವಂತೆ ಮಾಡುವುದು ಹೇಗೆ?

ಪ್ರಶ್ನೆ: ತಾಳಮದ್ದಳೆ ಕೂಟ (ವೇಷ, ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಮುಗಿದ ಮೇಲೆ ಒಂದು ತಾಸು ವಿಮರ್ಶೆ ಇಡಬೇಕೆಂದಿದೆ. ಸುಮಾರು 25 ಜನ. ಹಿರಿಯರೊಬ್ಬರು ‘ಚೆನ್ನಾಗಿತ್ತು’ ಅಂದರೆ ಉಳಿದವರೂ ತಲೆಯಾಡಿಸಿ ಎದ್ದುಬಿಡುತ್ತಾರೆ. ಏನು ಮಾಡಬಹುದು?

ಉತ್ತರ 1: ಮೊದಲು ವೇದಿಕೆ ತೆಗೆಯಿರಿ. ಎಲ್ಲರೂ ಜಮಖಾನೆ ಮೇಲೆ ಸುತ್ತ ಕೂರಲಿ. ಮಾತು ಕಿರಿಯರಿಂದ ಶುರುವಾಗಲಿ, ಹಿರಿಯರದ್ದು ಕೊನೆಗೆ. ಮೊದಲ ಮಾತಿನ ದಾರಿಯಲ್ಲೇ ಉಳಿದವರು ನಡೆಯುವುದರಿಂದ ಈ ಕ್ರಮ ಬಹಳ ಮುಖ್ಯ. ಮಾತು ಶುರುವಾಗುವ ಮುನ್ನವೇ ಹೆಸರಿಲ್ಲದ ಚೀಟಿಯಲ್ಲಿ ಒಂದು ಮೆಚ್ಚುಗೆ, ಒಂದು ಆಕ್ಷೇಪ ಬರೆಸಿಕೊಳ್ಳಿ. ತಲಾ 2 ನಿಮಿಷ ಸಾಕು. ನಡೆಸುವವರು ಸಂಘಟಕರೂ ಆಗಿರಬಾರದು, ಅರ್ಥಧಾರಿಗಳ (ಪಾತ್ರವಾಗಿ ಮಾತಾಡುವ ಕಲಾವಿದರ) ನೆಂಟರೂ ಆಗಿರಬಾರದು. ಅವರು ತಮ್ಮ ಅಭಿಪ್ರಾಯ ಹೇಳಲೇಬಾರದು.

ಉತ್ತರ 2: ಮೇಲಿನದ್ದು ಸರಿ. ಆದರೆ ಆಕ್ಷೇಪ ವ್ಯಕ್ತಿಯ ಮೇಲಲ್ಲ, ಪ್ರಸಂಗದಲ್ಲಿ ಎಡವಿದ ಜಾಗದ ಮೇಲೆ ಇರಬೇಕು. ‘ಅವರ ಕರ್ಣ ಸಪ್ಪೆ’ ಅನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ‘ಭಾಗವತರು ಹಾಡಿದ ಪದ್ಯದಲ್ಲಿದ್ದ ದುಃಖ ಅರ್ಥಧಾರಿಯ ಮಾತಿನಲ್ಲಿ ಬರಲಿಲ್ಲ, ವಾದವೇ ಹೆಚ್ಚಾಯಿತು’ ಅಂದರೆ ಕಲಾವಿದರಿಗೆ ತಿದ್ದಿಕೊಳ್ಳಲು ಏನೋ ಸಿಗುತ್ತದೆ. ಆಟದ (ವೇಷ ಕಟ್ಟಿ ಕುಣಿಯುವ ಯಕ್ಷಗಾನದ) ವಿಮರ್ಶೆ ಇಟ್ಟರಂತೂ ತೆಂಕಿನ (ದಕ್ಷಿಣ ಕನ್ನಡ ಕಡೆಯ ಶೈಲಿಯ) ಅಳತೆಗೋಲಿನಿಂದ ಬಡಾಬಡಗನ್ನು (ಉತ್ತರ ಕನ್ನಡ ಕಡೆಯ ಶೈಲಿಯನ್ನು) ಅಳೆಯಬೇಡಿ. ಪಕ್ಷಪಾತ ಹೆಚ್ಚಾಗಿ ನುಸುಳುವುದು ಅಲ್ಲೇ.

ಉತ್ತರ 3: ಕಲಾವಿದರಿಗೆ ಕೊನೆಯ 10 ನಿಮಿಷ ಮೀಸಲಿಡಿ, ನಡುವೆ ಉತ್ತರ ಬೇಡ. ದೇಣಿಗೆ ಕೊಟ್ಟವರಿಗೂ ಅದೇ 2 ನಿಮಿಷ. ಮಾತಾಡಲು ಅಂಜುವವರಿಗಾಗಿ ಆ ಹೆಸರಿಲ್ಲದ ಚೀಟಿಗಳನ್ನು ನಡೆಸುವವರೇ ಪೂರ್ತಿ, ಪದ ಬದಲಿಸದೆ ಓದಲಿ.