ಭತ್ತದ ಬಾಕಿ ಕೇಸು: ಐಪಿಸಿಯೋ ಬಿಎನ್‌ಎಸ್ಸೋ? ಬಂಧನದ ಕಾಗದದಲ್ಲಿ ಏನಿರಬೇಕು?

ಗಂಗಾವತಿ_ಜೂನಿಯರ್
ವ್ಯವಹಾರ 2024ರ ಮೇ ತಿಂಗಳದ್ದು. ಭತ್ತ ಒಯ್ದು ದುಡ್ಡು ಕೊಟ್ಟಿಲ್ಲ ಅಂತ ಎಫ್‌ಐಆರ್ ಆಗಿದ್ದು 2025ರಲ್ಲಿ. ಇಂಥದ್ದಕ್ಕೆ ಹಳೆಯ ದಂಡ ಸಂಹಿತೆ ಐಪಿಸಿಯದೋ, ಅದರ ಬದಲು ಬಂದ ಬಿಎನ್‌ಎಸ್‌ನದೋ, ಯಾವ ಕಾನೂನಿನ ಕಲಂ ಹಾಕಬೇಕು? ವ್ಯಾಪಾರಿಯನ್ನು ಬಂಧಿಸಿ ಕೊಡುವ ಫಾರಂನಲ್ಲಿ ಕಲಂ ನಂಬರ್ ಬಿಟ್ಟು ಬೇರೇನೂ ಇಲ್ಲದಿದ್ದರೆ ರಿಮ್ಯಾಂಡ್‌ನಲ್ಲಿ (ಕಸ್ಟಡಿ ಕೇಳಿ ಮ್ಯಾಜಿಸ್ಟ್ರೇಟ್ ಮುಂದೆ ತಂದಾಗ) ಏನು ವಾದಿಸಬೇಕ್ರಿ?

ಕೊಪ್ಪಳ_ಡಿಫೆನ್ಸ್
ಅಪರಾಧ ನಡೆದ ದಿನ ಜಾರಿಯಲ್ಲಿದ್ದ ಕಾನೂನಿನಲ್ಲೇ ಶಿಕ್ಷೆ. ಸಂವಿಧಾನದ 20(1)ನೇ ವಿಧಿ ಹೇಳುವುದು ಅದನ್ನೇ. ಹೊಸ ಕಾನೂನು ಬಂದದ್ದು 2024ರ ಜುಲೈ 1ಕ್ಕೆ. ಹಾಗಾಗಿ ವಂಚನೆಯ ಕಲಂ ಐಪಿಸಿ 420, ಬಿಎನ್‌ಎಸ್ 318(4) ಅಲ್ಲ. ಎಫ್‌ಐಆರ್ ಆಮೇಲೆ ಆಗಿರುವುದರಿಂದ ತನಿಖೆ, ರಿಮ್ಯಾಂಡ್, ಜಾಮೀನು ಎಲ್ಲ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಪ್ರಕ್ರಿಯಾ ಕಾನೂನು) ಪ್ರಕಾರ. ಅರ್ಜಿಯಲ್ಲಿ ಇವೆರಡನ್ನು ಬೆರೆಸಿಬಿಡುವುದು ಈಗ ದಿನಾ ಕಾಣುವ ತಪ್ಪು.

420ಕ್ಕೆ ಗರಿಷ್ಠ 7 ವರ್ಷ. ಅಂದರೆ ಮೊದಲು ಬಿಎನ್‌ಎಸ್‌ಎಸ್ 35(3) ನೋಟಿಸ್, ಬಂಧಿಸದೆ ಹಾಜರಾಗಲು ಹೇಳುವುದು. ಬಂಧಿಸಲೇಬೇಕಿದ್ದರೆ ಕಾರಣವನ್ನು ಪೊಲೀಸರು ಬರೆದಿಡಬೇಕು. ಆ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಜಾರಿಯಾದಂತಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ಇನ್ನು ಫಾರಂ. "ಸಾಕ್ಷ್ಯ ನಾಶ ಮಾಡದಂತೆ ತಡೆಯಲು" ಎಂಬ ಅಚ್ಚಿನ ಸಾಲು ಯಾವ ಆರೋಪಿಗೂ ಹೊಂದುತ್ತದೆ. ಅದು ಬಂಧನದ ಕಾರಣ, ಆಧಾರ ಅಲ್ಲ. ಈ ವ್ಯತ್ಯಾಸವನ್ನು ಪ್ರಬೀರ್ ಪುರಕಾಯಸ್ಥ ತೀರ್ಪು (2024) ಬಿಡಿಸಿ ಹೇಳಿದೆ. ಯಾರ ಭತ್ತ, ಎಷ್ಟು ಚೀಲ, ಯಾವಾಗ ಒಯ್ದದ್ದು, ಮೋಸ ಎಲ್ಲಾಯಿತು ಎಂಬುದು ಆಧಾರಗಳಲ್ಲಿ ಬರಬೇಕು. 2025ರ ನವೆಂಬರ್‌ನ ಮಿಹಿರ್ ರಾಜೇಶ್ ಶಾ ತೀರ್ಪಿನ ನಂತರ ಎಲ್ಲ ಅಪರಾಧಗಳಿಗೂ ಇದು ಬರಹದಲ್ಲೇ ಬೇಕು. ಬಂಧಿಸುವ ಹೊತ್ತಿಗೆ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ತಾಸು ಮೊದಲು ಕೈಗೆ ಕೊಡಬೇಕು. ಕೊಟ್ಟ ವೇಳೆಯನ್ನು ಆರೋಪಿಯಿಂದಲೇ ಕೇಳಿಕೊಳ್ಳಿ. ಆಕ್ಷೇಪಣೆಯನ್ನು ಮೊದಲ ರಿಮ್ಯಾಂಡ್ ದಿನವೇ ಲಿಖಿತವಾಗಿ ಹಾಕಿ, ಆರ್ಡರ್ ಶೀಟಿನಲ್ಲಿ ದಾಖಲಿಸಲು ಕೇಳಿ. ಬಾಯಿಮಾತಿನ ಆಕ್ಷೇಪಣೆ ಹೈಕೋರ್ಟಿಗೆ ಹೋಗುವ ಹೊತ್ತಿಗೆ ಇರುವುದೇ ಇಲ್ಲ.

ಗೆದ್ದರೂ ಕೇಸು ಮುಗಿಯುವುದಿಲ್ಲ. ಆಧಾರಗಳನ್ನು ಕೊಟ್ಟು ಪೊಲೀಸರು ಮತ್ತೆ ಕಸ್ಟಡಿ ಕೇಳಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಸಿಂಧನೂರು_ಕೋರ್ಟ್‌ರಸ್ತೆ
ಐಪಿಸಿ 409 (ವ್ಯಾಪಾರಿ, ಏಜೆಂಟ್ ಮುಂತಾದವರ ನಂಬಿಕೆದ್ರೋಹ) ಸೇರಿಸಿದ್ದಾರಾ ನೋಡಿರಿ. ಅದಕ್ಕೆ ಜೀವಾವಧಿವರೆಗೆ ಶಿಕ್ಷೆ ಇರುವುದರಿಂದ ಚಾರ್ಜ್‌ಶೀಟ್ ಅವಧಿ 60ರಿಂದ 90 ದಿನಕ್ಕೆ ಜಿಗಿಯುತ್ತದೆ. ಸಾಲಕ್ಕೆ ಮಾರಿದ ಭತ್ತದ ಒಡೆತನ ಖರೀದಿದಾರನಿಗೆ ಹೋಗಿರುತ್ತದೆ. ಅಲ್ಲಿ ನಂಬಿ ಒಪ್ಪಿಸಿದ್ದು ಏನೂ ಇಲ್ಲ. ಒಂದೇ ಸಂಗತಿಗೆ ವಂಚನೆ, ನಂಬಿಕೆದ್ರೋಹ ಎರಡೂ ನಿಲ್ಲುವುದಿಲ್ಲ ಎಂದು ದಿಲ್ಲಿ ರೇಸ್ ಕ್ಲಬ್ ತೀರ್ಪಿನಲ್ಲಿದೆ (2024).

ದಿನದ ಲೆಕ್ಕ ಮೊದಲ ರಿಮ್ಯಾಂಡ್‌ನಿಂದ, ಆ ದಿನವೂ ಸೇರಿ. ಮಾರ್ಚ್ 1ಕ್ಕೆ ರಿಮ್ಯಾಂಡ್ ಆದರೆ ಏಪ್ರಿಲ್ 29ಕ್ಕೆ 60. ಅಷ್ಟರಲ್ಲಿ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ; 30ರ ಬೆಳಿಗ್ಗೆ ಕೋರ್ಟ್ ಕೂರುತ್ತಲೇ ಬಿಎನ್‌ಎಸ್‌ಎಸ್ 187(3) ಅರ್ಜಿ ಕೊಡಿ. ಅರ್ಜಿಗಿಂತ ಮೊದಲು ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಹೋಯಿತು.

ಗಂಗಾವತಿ_ಜೂನಿಯರ್
ಆರೋಪಿ ಕ್ಯಾಂಪಿನವನು (ಇಲ್ಲಿನ ತೆಲುಗು ವಲಸಿಗರ ಊರಿನವನು), ತೆಲುಗು ಬಿಟ್ಟು ಬೇರೆ ಓದಲು ಬರುವುದಿಲ್ಲ. ಕಾಗದ ಕನ್ನಡದಲ್ಲಿದ್ದರೆ?

ಕೊಪ್ಪಳ_ಡಿಫೆನ್ಸ್
ಅವನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು, ಅದೇ ನವೆಂಬರ್ ತೀರ್ಪಿನಲ್ಲಿದೆ. ಕನ್ನಡದ ಕಾಗದದ ಮೇಲೆ ಅವನ ಸಹಿ ಇದ್ದರೆ "ಓದಿ ಹೇಳಿದವರು ಯಾರು, ಯಾವ ಭಾಷೆಯಲ್ಲಿ" ಎಂದು ಕೇಳಿ. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಸಿ. ಕಸ್ಟಡಿಯಲ್ಲಿರುವವರಿಗೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿ ಇಲ್ಲ. ಹೈಕೋರ್ಟಿಗೆ ಹೋಗುವುದಾದರೆ ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.