ಹಳೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದವರು ಅನುಭವ ಹೇಳಿ

ನೀರ್ಚಾಲಿನವರು: ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಆಟಗಳ ಋತು ಮುಗಿಯುವ ದಿನ, ಕಳೆಯಿತು. ಇನ್ನು ಮಳೆಗಾಲ ಮುಗಿಯುವವರೆಗೆ ಯಕ್ಷಗಾನ ಬಯಲಾಟ ಇಲ್ಲ. ಅಪ್ಪನಿಗೆ ಹಳೆ ಆಟಗಳ ರೆಕಾರ್ಡಿಂಗನ್ನು ದೊಡ್ಡ ಪರದೆಯಲ್ಲಿ ತೋರಿಸಬೇಕು. ಲ್ಯಾಪ್‌ಟಾಪಿನಲ್ಲಿ ಚಿತ್ರ ಹೊರಗೆ ಕಳಿಸಲು ವಿಜಿಎ ಎಂಬ ಹಳೆ ತೂತು ಮಾತ್ರ ಇದೆ, ಟಿವಿಯಲ್ಲಿ ಎಚ್‌ಡಿಎಂಐ ಎಂಬ ಹೊಸ ಬಗೆಯದು. ಏನು ತಗೊಳ್ಳಲಿ?

ಬದಿಯಡ್ಕದವರು: ನನ್ನ ಕಥೆ ಕೇಳಿ. ಮೊದಲು ತಂದದ್ದು ಬರೀ ಕೇಬಲ್, ಒಂದು ತುದಿ ವಿಜಿಎ, ಇನ್ನೊಂದು ತುದಿ ಎಚ್‌ಡಿಎಂಐ. 250 ರೂಪಾಯಿ. ಹಾಕಿದರೆ 'ನೋ ಸಿಗ್ನಲ್'. ಟಿವಿಯೇ ಹಾಳಾಗಿದೆ ಅಂತ ಅಂಗಡಿಯವರು ಹೇಳಿದರು. ಮೆಕ್ಯಾನಿಕ್ ಬಂದು ನೋಡಿ 400 ತಗೊಂಡರು, ಟಿವಿಗೆ ಏನೂ ಆಗಿರಲಿಲ್ಲ. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್, ನಡುವೆ ಚಿಪ್ ಇಲ್ಲದೆ ಚಿತ್ರ ಹೇಗೆ ಬರಬೇಕು? ಆಮೇಲೆ 550 ಕೊಟ್ಟು ಕನ್ವರ್ಟರ್ ತಂದೆ. ಅದು ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದು, ನನಗೆ ಬೇಕಾದದ್ದರ ಉಲ್ಟಾ. ಪ್ಯಾಕೆಟ್ ಬಿಚ್ಚಿದ ಮೇಲೆ ವಾಪಸ್ ಇಲ್ಲವಂತೆ! ಮೂರನೆಯದು 700. ಒಟ್ಟು 1900 ರೂಪಾಯಿ, ಬಸ್ಸಿನ ಖರ್ಚು ಬೇರೆ.

ಪೆರ್ಲದವರು: ನನ್ನದು ಮೊದಲ ಸಲಕ್ಕೇ ಸರಿಯಾಯಿತು. ಯುಎಸ್‌ಬಿ ಬಾಲ ಇರುವುದನ್ನೇ ನೋಡಿ ತಂದಿದ್ದೆ, ಕನ್ವರ್ಟರಿಗೆ ಕರೆಂಟ್ ಅಲ್ಲಿಂದಲೇ ಬರಬೇಕಲ್ವಾ. ಶಬ್ದ ಮಾತ್ರ ಕೈಕೊಟ್ಟಿತು. ಮನೆ ತುಂಬಾ ನೆಂಟರು ಕೂತಿದ್ದರು. ಪರದೆಯಲ್ಲಿ ಚೆಂಡೆಯವರ ಕೈ ಆಡುತ್ತಿದೆ, ಭಾಗವತರ ಬಾಯಿ ಆಡುತ್ತಿದೆ, ಒಂದು ಸ್ವರ ಇಲ್ಲ. ವಿಜಿಎಯಲ್ಲಿ ಶಬ್ದ ಹೋಗುವುದೇ ಇಲ್ಲ. ಅದಕ್ಕೆ ಅಂತಲೇ ಬಂದಿದ್ದ ಸಣ್ಣ ವಯರನ್ನು ಹೆಡ್‌ಫೋನ್ ತೂತಿಗೆ ಅರ್ಧ ಮಾತ್ರ ತಳ್ಳಿದ್ದೆ. ಟಕ್ ಅನ್ನುವವರೆಗೆ ಒತ್ತಿದೆ, ಚೆಂಡೆ ಕೇಳಿತು.

ಮಂಜೇಶ್ವರದವರು: ನಾನು ಡಬ್ಬದಂಥ ಹಳೆ ಟಿವಿಗೇ ಹಾಕಿದೆ, ಕೆಂಪು ಬಿಳಿ ಹಳದಿ ಪಿನ್ನಿನದ್ದು. ಎಚ್‌ಡಿಎಂಐಯಿಂದ ಎವಿ ಡಬ್ಬಿಗೆ 800. ಮೂರು ದಿನ ಬಣ್ಣವೇ ಇರಲಿಲ್ಲ. ಡಬ್ಬಿಯ ಬದಿಯಲ್ಲಿ ಉಗುರಿನಷ್ಟು ಸ್ವಿಚ್ಚಿತ್ತು. ಎನ್‌ಟಿಎಸ್‌ಸಿಯಲ್ಲಿ (ಅಮೆರಿಕದ ಟಿವಿ ಪದ್ಧತಿ) ಇದ್ದುದನ್ನು ಪಾಲ್‌ಗೆ (ನಮ್ಮ ದೇಶದ ಪದ್ಧತಿ) ತಳ್ಳಿದ ಕೂಡಲೇ ವೇಷದ ಕೆಂಪು ಹೊಳೆಯಿತು. ಅಕ್ಷರ ಓದಲಿಕ್ಕಾಗುವುದಿಲ್ಲ ನಿಜ, ಪಾಲ್‌ನಲ್ಲಿ ಕಾಣುವುದೇ 576 ಗೆರೆ. ಆಟ ನೋಡಲು ಅಷ್ಟು ಸಾಕು. ಹೊಸ ಟಿವಿ ಯಾಕೆ?

ಬದಿಯಡ್ಕದವರು: ಅವರ ಹತ್ತಿರ ಎಚ್‌ಡಿಎಂಐ ಟಿವಿ ಇದೆ. ಪ್ರಶ್ನೆ ಓದಿ ಬರೆಯಿರಿ.

ಮಂಜೇಶ್ವರದವರು: ನಿಮ್ಮ ಮೆಕ್ಯಾನಿಕ್ ಕಥೆಯನ್ನು ಅವರು ಕೇಳಿದ್ದರಾ? ಲ್ಯಾಪ್‌ಟಾಪ್ ಹಿಡ್ಕೊಂಡು ಮಂಗಳೂರಿಗೆ ಹೋಗಿದ್ದರೆ ಅಂಗಡಿಯಲ್ಲೇ ಜೋಡಿಸಿ ನೋಡಬಹುದಿತ್ತು.

ಬದಿಯಡ್ಕದವರು: ನಿಮಗೆ ಊರಲ್ಲೇ ರೈಲು ನಿಲ್ಲುತ್ತದೆ. ನಾವು ಕುಂಬಳೆಗೆ ಇಳಿದು ಇನ್ನೊಂದು ಬಸ್ ಹಿಡಿಯಬೇಕು. 700 ರೂಪಾಯಿ ಸಾಮಾನಿಗೆ ಒಂದು ದಿನದ ಸಂಬಳ ಬಿಡಲಿಕ್ಕಾಗುತ್ತದಾ?

ಮುಳ್ಳೇರಿಯದವರು: ಎಲ್ಲಿಂದಾದರೂ ತನ್ನಿ, ಸಿಡಿಲಿನ ಬಗ್ಗೆ ಎಚ್ಚರ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯ ಒಂದು ಸಂಜೆ ಗುಡುಗು ಕೇಳಿ ಟಿವಿ, ಲ್ಯಾಪ್‌ಟಾಪ್ ಎರಡರ ಪ್ಲಗ್ಗನ್ನೂ ತೆಗೆದಿದ್ದೆ. ಕೇಬಲ್ ಕನೆಕ್ಷನ್ನಿನ ವಯರ್ ಟಿವಿಯಲ್ಲೇ ಇತ್ತು, ಎಚ್‌ಡಿಎಂಐ ಕೂಡ. ಸಿಡಿಲು ಆ ವಯರಿನಲ್ಲಿ ಬಂದು ಟಿವಿ ದಾಟಿ ಲ್ಯಾಪ್‌ಟಾಪಿಗೆ ಹೋಯಿತು. ಎಚ್‌ಡಿಎಂಐ ತೂತಿನ ಸುತ್ತ ಪ್ಲಾಸ್ಟಿಕ್ ಕಪ್ಪಾಗಿತ್ತು. ಬೋರ್ಡಿಗೆ 4500 ಕೊಟ್ಟೆ.

ಪೆರ್ಲದವರು: ಕೇಳಿದ್ದು ಕನ್ವರ್ಟರ್. ಸುಮ್ನೆ ಹೆದರಿಸಬೇಡಿ.

ಮುಳ್ಳೇರಿಯದವರು: ಸುಟ್ಟ ಬೋರ್ಡ್ ಇನ್ನೂ ಕಪಾಟಿನಲ್ಲಿದೆ. ಬಂದು ನೋಡಿ, ಆಮೇಲೆ ಸುಮ್ನೆ ಅನ್ನಿ.